ಮುಟ್ಟಿದರೆ ನಾಶವಾಗುವ ಆಂಟಿಪ್ರೋಟಾನಿನ ದ್ರವ್ಯರಾಶಿ ಅಳೆಯುವುದು ಹೇಗೆ?

ನೀವು ಕೇಳಿದ್ದು ಇದು: ಪ್ರೋಟಾನಿನ ಪ್ರತಿಕಣವಾದ (ಚಾರ್ಜ್ ಮಾತ್ರ ಉಲ್ಟಾ, ಅಂದರೆ ಋಣ) ಆಂಟಿಪ್ರೋಟಾನ್ ನಮ್ಮ ಮಾಮೂಲಿ ವಸ್ತುವಿಗೆ ತಾಗಿದ ಕೂಡಲೇ ನಾಶವಾಗುತ್ತದೆ, ಹಾಗಿದ್ದಮೇಲೆ ಅದರ ದ್ರವ್ಯರಾಶಿಯನ್ನು ಅಷ್ಟು ಕರಾರುವಾಕ್ಕಾಗಿ ಹೇಗೆ ಅಳೆದರು? ನಾನು ಲೇಸರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಯೋಗ ಅಂದರೆ ನನಗೆ ತುಂಬಾ ಇಷ್ಟ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ತಾಗಿದ ಕೂಡಲೇ ನಾಶ ಅನ್ನೋದಕ್ಕೆ ಹೀಲಿಯಂನಲ್ಲಿ ಒಂದು ಅಪವಾದ ಇದೆ. ಹೀಲಿಯಂ ಪರಮಾಣುವಿನಲ್ಲಿ ಎರಡು ಎಲೆಕ್ಟ್ರಾನ್ ಇರುತ್ತವೆ ಅಲ್ವಾ? ನಿಧಾನವಾಗಿ ಬಂದ ಆಂಟಿಪ್ರೋಟಾನ್ ಅವುಗಳಲ್ಲಿ ಒಂದನ್ನು ಹೊರಗೆ ತಳ್ಳಿ ಆ ಜಾಗ ಹಿಡಿಯುತ್ತದೆ. ಅದರದ್ದೂ ಋಣ ಚಾರ್ಜ್ ತಾನೆ! ಹೀಗೆ ಸಿಕ್ಕಿಕೊಂಡವುಗಳಲ್ಲಿ ನೂರಕ್ಕೆ ಸುಮಾರು ಮೂರು ಆಂಟಿಪ್ರೋಟಾನ್‌ಗಳು, ಮೊದಲು ಎಲೆಕ್ಟ್ರಾನ್ ಇದ್ದಷ್ಟೇ ದೂರದಲ್ಲಿ ಸುತ್ತುತ್ತಾ ಕೆಲವು ಮೈಕ್ರೋಸೆಕೆಂಡ್ ಉಳಿದುಕೊಳ್ಳುತ್ತವೆ. 1991ರಲ್ಲಿ ಜಪಾನಿನ ಕೆಇಕೆ ಪ್ರಯೋಗಾಲಯದಲ್ಲಿ ಇದು ಕಂಡುಬಂತು. ನಮಗೆ ಮೈಕ್ರೋಸೆಕೆಂಡ್ ಏನೂ ಅಲ್ಲ. ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಮಿಂಚುವ ಲೇಸರಿಗೆ ಅದು ಧಾರಾಳ ಸಮಯ.

ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಅಸಾಕುಸ ಅನ್ನುವ ತಂಡ ಈ ಪರಮಾಣುಗಳ ಮೇಲೆ ಲೇಸರ್ ಬಿಡುತ್ತದೆ. ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ ಅದರ ಆವರ್ತನವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗುತ್ತಾರೆ. ಸರಿಯಾದ ಆವರ್ತನ ಸಿಕ್ಕಾಗ ಆಂಟಿಪ್ರೋಟಾನ್ ಹೆಚ್ಚು ಹೊತ್ತು ನಿಲ್ಲಲಾಗದ ಇನ್ನೊಂದು ಕಕ್ಷೆಗೆ ಜಿಗಿಯುತ್ತದೆ. ಆಗ ಉಳಿದಿದ್ದ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ, ಆಂಟಿಪ್ರೋಟಾನ್ ನ್ಯೂಕ್ಲಿಯಸ್ಸಿಗೆ ಬಿದ್ದು ನಾಶವಾಗುತ್ತದೆ. ಆ ನಾಶದಲ್ಲಿ ಹುಟ್ಟಿದ ಪಯಾನ್ ಎಂಬ ಕಣಗಳು ಸುತ್ತಲಿನ ಡಿಟೆಕ್ಟರಿಗೆ ಬಡಿಯುತ್ತವೆ. ಲೇಸರ್ ಮಿಂಚಿದ ಕ್ಷಣಕ್ಕೆ ಸರಿಯಾಗಿ ಸಿಗ್ನಲ್ ದಿಢೀರನೆ ಏರುತ್ತದೆ. ನೀವು ಅಡ್ಡಿ ಅಂದುಕೊಂಡ ನಾಶವೇ ಇಲ್ಲಿ ಅಳತೆಯ ಸಿಗ್ನಲ್ ಕೊಡುವುದು. ಈ ಜಾಣತನಕ್ಕೇ ನಾನು ಮನಸೋತದ್ದು.

ಆ ಆವರ್ತನದಿಂದ ದ್ರವ್ಯರಾಶಿ ಸಿಗುವುದು ಲೆಕ್ಕದ ಮೂಲಕ. ಆಂಟಿಪ್ರೋಟಾನ್ ಎಲೆಕ್ಟ್ರಾನಿಗಿಂತ ಎಷ್ಟು ಪಟ್ಟು ಭಾರ ಅನ್ನೋದರ ಮೇಲೆ ಆವರ್ತನ ನಿಂತಿದೆ. ರಷ್ಯಾದ ದುಬ್ನಾದಲ್ಲಿ ವ್ಲಾದಿಮಿರ್ ಕೊರೊಬೊವ್ ವರ್ಷಗಟ್ಟಲೆ ಈ ಲೆಕ್ಕ ಮಾಡಿದ್ದಾರೆ. ಅವರ ಹೆಸರು ಜಾಸ್ತಿ ಕೇಳಿಬರುವುದಿಲ್ಲ, ಆದರೆ ಆ ಲೆಕ್ಕ ಇಲ್ಲದಿದ್ದರೆ ಆವರ್ತನ ಸುಮ್ನೆ ಒಂದು ಸಂಖ್ಯೆ ಅಷ್ಟೇ.

ಪರಮಾಣುಗಳ ಅಲೆದಾಟವೇ ದೊಡ್ಡ ತೊಂದರೆ. ಅವು ಓಡಾಡಿದಷ್ಟೂ ಆವರ್ತನ ಮಸುಕಾಗುತ್ತದೆ. 2011ರಲ್ಲಿ ಪ್ರಕಟವಾದ ಅಳತೆಯಲ್ಲಿ ಎದುರುಬದುರು ಎರಡು ಲೇಸರ್ ಬಿಟ್ಟು ಇದನ್ನು ತಗ್ಗಿಸಿದ್ದರು. 2016ರದ್ದರಲ್ಲಿ ಸುಮಾರು 200 ಕೋಟಿ ಪರಮಾಣುಗಳನ್ನು 1.5 ಕೆಲ್ವಿನ್ (ಸುಮಾರು ಮೈನಸ್ 271.6 ಡಿಗ್ರಿ ಸೆಲ್ಸಿಯಸ್) ಆಸುಪಾಸಿಗೆ ತಣ್ಣಗೆ ಮಾಡಿದರು. ಬಂದ ಉತ್ತರ: ಎಲೆಕ್ಟ್ರಾನಿನ 1836.1526734 ಪಟ್ಟು. ಅನಿಶ್ಚಿತತೆ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಆ ಮಿತಿಯೊಳಗೆ ಪ್ರೋಟಾನಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ವ್ಯತ್ಯಾಸ ಸಿಗದಿದ್ದರೆ ಏನು ಲಾಭ ಅಂತ ಕೆಲವರು ಕೇಳುತ್ತಾರೆ. ನನಗಂತೂ ಇದು ದೊಡ್ಡ ಫಲಿತಾಂಶವೇ. ಎರಡೂ ಒಂದೇ ತೂಕ ಇರಬೇಕು ಅನ್ನೋದು ಈಗಿನ ಸಿದ್ಧಾಂತದ ಬುಡ. ಕೊನೆಯ ಅಂಕಿಗಳಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಕಂಡರೂ ಆ ಬುಡ ಅಲ್ಲಾಡುತ್ತದೆ.

ಈಗ ನನಗೆ ಕುತೂಹಲ ಇರುವುದು 2022ರ ಫಲಿತಾಂಶದ ಬಗ್ಗೆ. ದ್ರವ ಹೀಲಿಯಂನಲ್ಲಿ ಪರಮಾಣುಗಳು ಒತ್ತೊತ್ತಾಗಿ ಇರುವುದರಿಂದ ರೋಹಿತದ ಗೆರೆ, ಅಂದರೆ ಆ ಸರಿಯಾದ ಆವರ್ತನದಲ್ಲಿ ಕಾಣುವ ಸಿಗ್ನಲ್, ಹರಡಿಹೋಗಬೇಕು. ಆದರೆ ಸೂಪರ್‌ಫ್ಲೂಯಿಡ್ (ತುಂಬಾ ತಣ್ಣಗಾಗಿ ತಡೆಯಿಲ್ಲದೆ ಹರಿಯುವ) ಹೀಲಿಯಂನಲ್ಲಿ ಆ ಗೆರೆ ಇದ್ದಕ್ಕಿದ್ದಂತೆ ಚೂಪಾಯಿತು. ಅದನ್ನು ಓದಬೇಕಿದ್ದರೆ ಅಸಾಕುಸದ ಮಾಸಾಕಿ ಹೋರಿ ತಂಡದ ಲೇಖನದಿಂದ ಶುರು ಮಾಡಿ.