ಸ್ಪೇಸ್ ಬೇಕು ಅಂದವನಿಗೆ ಬೇಕಾಗಿದ್ದು ಏನು?

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಅವಳಿಗೆ 24 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ, ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಲಹೆ ಕೇಳಲು ನನ್ನ ಹತ್ತಿರ ಬಂದವಳು, ಕೂತ ತಕ್ಷಣ ಮೊಬೈಲ್ ನನ್ನ ಮುಂದೆ ಹಿಡಿದಳು. "ಮೇಡಂ, ಇದನ್ನ ಓದ್ರಿ. ಮುಗೀತು ಅಂತೋ ಇಲ್ಲೋ, ಅಷ್ಟ ಹೇಳ್ರಿ ಸಾಕು."

ಮೂರೇ ಸಾಲು ಇತ್ತು. ‘ಐ ನೀಡ್ ಸಮ್ ಸ್ಪೇಸ್. ಲೆಟ್ಸ್ ಟೇಕ್ ಎ ಬ್ರೇಕ್. ಇಟ್ಸ್ ನಾಟ್ ಯು, ಇಟ್ಸ್ ಮಿ.’ ಕಳಿಸಿದವನು ಜಮಖಂಡಿ ಕಡೆಯ ಹುಡುಗ, ಪುಣೆಯಲ್ಲಿ ಕೆಲಸ. ನಾಲ್ಕು ವರ್ಷದ ಪ್ರೀತಿ. ಅವತ್ತೇ ಅವಳು ಬ್ರೇಕಪ್ ಆಯ್ತು ಅಂತ ಗೆಳತಿಯರಿಗೆ ಹೇಳಿದಳು, ಫೋಟೊಗಳನ್ನೆಲ್ಲ ಅಳಿಸಿದಳು. ಇಪ್ಪತ್ತು ದಿನದಿಂದ ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ.

ಬದುಕೇ ಬೇಡ ಅನಿಸಿದ್ದು ಇದೆಯಾ ಅಂತ ಮೊದಲು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಅಂಜುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿ ಆಗುತ್ತೆ. ಅವಳಿಗೆ ಹಾಗೆ ಅನಿಸಿರಲಿಲ್ಲ. ಆದರೂ 14416 ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಆ ಮೂರು ಸಾಲುಗಳನ್ನು ಇಬ್ಬರೂ ಕೂತು ಓದಿದೆವು.

ಬ್ರೇಕಪ್ ಅಂದರೆ ಸಂಬಂಧ ಮುಗಿಯಿತು ಅಂತ. ಬರೀ ಬ್ರೇಕ್ ಅಂದರೆ ಸ್ವಲ್ಪ ದಿನ ನಿಲ್ಲಿಸೋಣ ಅಂತ. ಆದರೆ ಎಷ್ಟು ದಿನ? ಫೋನ್ ಮಾಡಬಹುದಾ? ಆ ನಡುವೆ ಬೇರೆಯವರ ಜೊತೆ ಓಡಾಡಬಹುದಾ? ಇದ್ಯಾವುದೂ ಆ ಮಾತಿನ ಒಳಗಿಲ್ಲ. ಇಂಗ್ಲಿಷನ್ನೇ ಮಾತಾಡಿ ಬೆಳೆದವರೂ ಇದೇ ವಿಷಯಕ್ಕೆ ಜಗಳ ಆಡುತ್ತಾರೆ. ಸ್ಪೇಸ್ ಬೇಕು ಅನ್ನುವುದು ನಿಜವಾಗಿಯೂ ಒಂಟಿಯಾಗಿ ಇರಬೇಕು ಅನಿಸಿದಾಗ ಹೇಳುವ ಮಾತು. ಮೆಲ್ಲಗೆ ದೂರ ಸರಿಯುವವರೂ ಅದನ್ನೇ ಹೇಳುತ್ತಾರೆ. ಇನ್ನು ಮೂರನೆಯದು, ತಪ್ಪು ನಿನ್ನದಲ್ಲ ನನ್ನದು ಅನ್ನುವುದು. ಬಿಟ್ಟುಹೋಗುವವರು ಎದುರಿನವರ ಮನಸ್ಸಿಗೆ ನೋವಾಗಬಾರದು ಅಂತ ಹೇಳುವ ಹಳೆಯ ಮಾತು ಅದು. ಅದನ್ನು ಕೇಳಿದ ಕೂಡಲೇ ಮುಗಿಯಿತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಮೊದಲ ಎರಡು ಸಾಲು ಬಾಗಿಲು ಮುಂದಕ್ಕೆ ಮಾಡಿದ ಹಾಗೆ. ಮೂರನೆಯದು ಚಿಲಕ ಹಾಕಿದ ಹಾಗೆ. ಯಾವುದನ್ನು ನಂಬಬೇಕು ಅಂತ ಅವಳಿಗೆ ತಿಳಿಯದೇ ಹೋದದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಅವಳು ಮಾತಿನ ನಡುವೆ "ಅವ ನನ್ನ ಡಂಪ್ ಮಾಡಿದ" ಅಂತ ನಾಲ್ಕೈದು ಸಲ ಅಂದಳು. ನಾನು ಅಲ್ಲಿಯೇ ತಡೆದೆ. ‘ವಿ ಬ್ರೋಕ್ ಅಪ್’ ಅಂದರೆ ಇಬ್ಬರೂ ಬೇರೆಯಾದೆವು ಅಂತ. ‘ಹಿ ಬ್ರೋಕ್ ಅಪ್ ವಿತ್ ಮಿ’ ಅಂದರೆ ಅವನು ಮುಗಿಸಿದ ಅಂತ. ಡಂಪ್ ಅನ್ನುವುದು ಕಸ ಸುರಿಯಲು ಬಳಸುವ ಮಾತು. ದಿನಾ ಹತ್ತು ಜನರ ಮುಂದೆ ನಿನ್ನನ್ನು ನೀನೇ ಕಸ ಅಂತ ಕರೀತಾ ಇದ್ದೀಯಾ, ಅಲ್ವಾ ಅಂದೆ. ಅವಳು ಅತ್ತಳು. ಬಹಳ ಹೊತ್ತು ಅತ್ತಳು. ಆ ಪದವನ್ನು ಇನ್ನು ಬಳಸುವುದಿಲ್ಲ ಅಂತ ಹೇಳಿಯೇ ಎದ್ದು ಹೋದಳು.

ಎರಡನೇ ಸಲ ಬಂದಾಗ ಸಿಟ್ಟಿನಲ್ಲಿದ್ದಳು. ಅವನಿಂದ ಹೊಸ ಸಂದೇಶ ಬಂದಿತ್ತು. ‘ಐ ವಿಲ್ ಮೇಕ್ ಇಟ್ ಅಪ್ ಟು ಯು.’ ಅದನ್ನು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದ್ದಳು. ‘ಸರಿದೂಗಿಸುತ್ತೇನೆ’ ಅಂತ ಬಂದಿತ್ತು. "ಸರಿದೂಗಸೂದು ನನ್ನ ಲೆಕ್ಕದ ಪುಸ್ತಕದಾಗ ಮಾಡೂ ಕೆಲಸರಿ. ನಾನೇನು ಅವನ ಖಾತೇದಾಗಿನ ಬಾಕಿ ಏನು?"

ಅವಳ ಸಿಟ್ಟಿಗೆ ಅರ್ಥ ಇತ್ತು. ಆದರೆ ಅವನ ಸಾಲಿಗೂ ಅರ್ಥ ಇತ್ತು. ನಾನು ನೋವು ಕೊಟ್ಟಿದ್ದೇನೆ, ನಡೆದುಕೊಳ್ಳುವ ರೀತಿಯಲ್ಲಿ ಅದನ್ನು ತೀರಿಸುತ್ತೇನೆ ಅಂತ ಒಪ್ಪಿಕೊಳ್ಳುವ ಮಾತು ಅದು. ಬರೀ ಮೇಕ್ ಅಪ್ ಅಂದರೆ ಜಗಳದ ನಂತರ ಮುನಿಸು ಬಿಟ್ಟು ರಾಜಿ ಆಗುವುದು. ನಮ್ಮ ಹುಡುಗರು ಪ್ಯಾಚಪ್ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಅದಕ್ಕೆ ಸಂಬಂಧ ಮುರಿದಿರಬೇಕು ಅಂತಿಲ್ಲ. ಮುರಿದ ಮೇಲೆ ಮತ್ತೆ ಜೋಡಿಯಾಗುವುದಕ್ಕೆ ‘ಗೆಟ್ ಬ್ಯಾಕ್ ಟುಗೆದರ್’ ಅನ್ನುತ್ತಾರೆ. ಮತ್ತೆ ಜೋಡಿಯಾಗೋಣ ಅಂತ ಅವನು ಕೇಳಿರಲೇ ಇಲ್ಲ. ಬರೀ ತಪ್ಪು ಒಪ್ಪಿಕೊಂಡಿದ್ದ.

ಇಷ್ಟಕ್ಕೇ ಎಲ್ಲವೂ ಪದದ ಗೊಂದಲ ಅಂತ ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ವರ್ಷ ಕನ್ನಡದಲ್ಲೇ ಮಾತಾಡಿದವರು ಅವರು. ಅಂಥವನು ದೂರ ಹೋಗುವಾಗ ಮಾತ್ರ ಯಾಕೆ ಇಂಗ್ಲಿಷಿಗೆ ಹೋದ? ಅದು ನನ್ನನ್ನು ಕಾಡಿತು. ಅವಳಿಗೆ ಹೇಳಿದೆ: ಉತ್ತರ ಬರೆಯಬೇಡ, ಫೋನ್ ಮಾಡು. ನಮ್ಮ ಮಾತಿನಲ್ಲೇ ಕೇಳು. ಏನಾಗಿದೆ? ಎಷ್ಟು ದಿನ ಬೇಕು? ಅಷ್ಟು ದಿನ ನಾವು ಮಾತಾಡುತ್ತೇವಾ, ಇಲ್ವಾ? ಅವನು ಹೂಂ ಅನ್ನಲಿ, ಇಲ್ಲ ಅನ್ನಲಿ, ಅವತ್ತೇ ಯಾವ ತೀರ್ಮಾನಕ್ಕೂ ಬರಬೇಡ.

ಅವನು ಅವಳ ಜೊತೆ ಮಾತಾಡಿದ. ಆಮೇಲೆ ನನ್ನ ಜೊತೆಯೂ ಮಾತಾಡಲು ಒಪ್ಪಿದ. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಗೆಳೆಯನ ರೂಮಿನಲ್ಲಿ, ಗೆಳೆಯನ ದುಡ್ಡಿನಲ್ಲಿ ದಿನ ತಳ್ಳುತ್ತಿದ್ದ. ಮನೆಯವರಿಗೂ ಹೇಳಿರಲಿಲ್ಲ. "ಕನ್ನಡದಾಗ ಹೇಳಾಕ ಬಾಯಿ ಬರಲಿಲ್ಲರಿ. ಇಂಗ್ಲಿಷನ್ಯಾಗ ಅಂದ್ರ ಬ್ಯಾರೆ ಯಾರೋ ಹೇಳಿದಂಗ ಅನಸ್ತೈತಿ."

ಇದನ್ನು ಓದುವ ಹುಡುಗ ಹುಡುಗಿಯರೇ, ದಯವಿಟ್ಟು ಅವನ ಈ ಮಾತನ್ನು ಇನ್ನೊಮ್ಮೆ ಓದಿ. ರೀಲ್ಸ್‌ನಲ್ಲಿ ಕೇಳಿದ ಸಾಲು ಕಳಿಸುವುದು ಸುಲಭ. ನಾಚಿಕೆ ಅದರ ಹಿಂದೆ ಅಡಗಿ ಕೂರುತ್ತೆ. ಪುಣೆಯಲ್ಲಿ ಕೆಲಸ ಹೋದದ್ದಕ್ಕೆ ಬಾಗಲಕೋಟೆಯಲ್ಲಿ ಒಬ್ಬಳು ಇಪ್ಪತ್ತು ದಿನ ಊಟ ಬಿಟ್ಟಳು.

ಅವನಿಗೆ ನಾನು ಕೊಟ್ಟ ಸಲಹೆ ಚಿಕ್ಕದು. ಮೊದಲು ಮನೆಯಲ್ಲಿ ಹೇಳು. ಅವಳನ್ನು ಕ್ಷಮೆ ಕೇಳು, ಆದರೆ ಅದರ ಜೊತೆಗೇ ವಾಪಸ್ ಬಾ ಅಂತ ಕೇಳಬೇಡ. ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ. ಅವಳಿಗೂ ಅದನ್ನೇ ಹೇಳಿದೆ. ಅವನ ಕಷ್ಟ ನಿಜ ಅಂತ ನಿನ್ನ ನೋವು ಸುಳ್ಳಾಗುವುದಿಲ್ಲ. ಟೈಮ್ ಬೇಕಿದ್ದರೆ ತಗೋ. ಆದರೆ ಎಷ್ಟು ದಿನ ಅಂತ ಅವನಿಗೆ ಹೇಳಿ ತಗೋ.

ದಸರೆಗೆ ಅವನು ಊರಿಗೆ ಬಂದ. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಅವತ್ತು ಎದುರಾದರೆ ಎಲೆ ಕೊಟ್ಟು ನಮಸ್ಕಾರ ಮಾಡುತ್ತಾರೆ. ಅವನೂ ಬನ್ನಿ ಕೊಟ್ಟ. ಮರುದಿನ ಅವಳು ನನಗೆ ಫೋನ್ ಮಾಡಿದಳು.

"ತಗೊಂಡೇನ್ರಿ ಮೇಡಂ. ಇದು ಗೆಟ್ ಬ್ಯಾಕ್ ಅಲ್ಲ ಅಂತನೂ ಹೇಳೇನಿ. ದೀಪಾವಳಿ ಪಾಡ್ಯದ ದಿನ ನನ್ನ ಮನಸ್ಸಿನಾಗ ಏನೈತಿ ಅಂತ ಹೇಳ್ತೀನಿ, ಅಲ್ಲೀತನ ವಾರಕ್ಕೊಮ್ಮೆ ಫೋನ್ ಮಾಡು ಅಂದೇನಿ. ಅವ ಹೂಂ ಅಂದ."