ಪ್ಯಾರಾಚೂಟ್ ಸೈನಿಕರಿಗೆ ಮದ್ದುಗುಂಡು, ಊಟ ತಲುಪಿಸುವುದು ಏಕೆ ಅಷ್ಟು ಕಷ್ಟ?

ಶತ್ರುವಿನ ನೆಲದಲ್ಲಿ ಸೈನಿಕರನ್ನು ಇಳಿಸಬಲ್ಲ ವಿಮಾನಗಳಿಗೆ ಅವರ ಊಟ, ಮದ್ದುಗುಂಡನ್ನೂ ಹಾಗೆಯೇ ಇಳಿಸಲು ಏನು ತೊಂದರೆ ಎಂದು ಕೇಳಿದ್ದೀರಿ. ಎರಡನೆಯ ಮಹಾಯುದ್ಧದ ವೈಮಾನಿಕ ಕಾರ್ಯಾಚರಣೆಗಳನ್ನು ಬಹಳ ಕಾಲದಿಂದ ಆಸಕ್ತಿಯಿಂದ ಓದುತ್ತಿರುವವನಾಗಿ ಹೇಳುತ್ತೇನೆ: ವಿಮಾನ ಬರುತ್ತದೆ, ಸರಕೂ ಬೀಳುತ್ತದೆ. ಅದು ಬೀಳುವ ಹೊತ್ತಿಗೆ ಕೆಳಗಿನ ನೆಲ ಯಾರ ಕೈಯಲ್ಲಿದೆ ಎನ್ನುವುದು ಮಾತ್ರ ವಿಮಾನದಲ್ಲಿರುವವರಿಗೆ ತಿಳಿಯುವುದಿಲ್ಲ.

ನೆದರ್‌ಲೆಂಡ್ಸ್‌ನ ಆರ್ನ್‌ಹೆಮ್‌ನಲ್ಲಿ ಆದದ್ದು ಅದೇ. 1944ರ ಸೆಪ್ಟೆಂಬರ್ 17ರಿಂದ ಅಲ್ಲಿ ಇಳಿದ ಬ್ರಿಟಿಷ್ 1ನೇ ವೈಮಾನಿಕ ಡಿವಿಷನ್‌ನವರ (ಆಕಾಶಮಾರ್ಗವಾಗಿ ಬಂದಿಳಿಯುವ ಸೇನಾ ವಿಭಾಗ) ಬಳಿ ಇದ್ದದ್ದು ಸುಮಾರು ಎರಡು ದಿನದ ಆಹಾರ. ಅಷ್ಟರೊಳಗೆ ಭೂಸೇನೆ ದಕ್ಷಿಣದಿಂದ ಬಂದು ಸೇರಿಕೊಳ್ಳುತ್ತದೆ, ನಡುವಿನ ಕೊರತೆಯನ್ನು ವಿಮಾನಗಳು ತುಂಬುತ್ತವೆ ಎಂಬುದು ಲೆಕ್ಕಾಚಾರ. ಸರಕು ಹಾಕುವ ಜಾಗವನ್ನು ಮುಂಚೆಯೇ ನಕ್ಷೆಯಲ್ಲಿ ಗುರುತಿಸಿದ್ದರು. ಆದರೆ ಡಿವಿಷನ್‌ಗೆ ಆ ಜಾಗವನ್ನು ಹಿಡಿಯಲಾಗಲಿಲ್ಲ. ಜಾಗ ಬದಲಿಸಿ ಎಂದು ಇಂಗ್ಲೆಂಡಿಗೆ ತಿಳಿಸೋಣವೆಂದರೆ ರೇಡಿಯೊಗಳು ಕೈಕೊಟ್ಟಿದ್ದವು.

19ರಂದು ವಿಮಾನಗಳು ಹೊತ್ತಿಗೆ ಸರಿಯಾಗಿ ಬಂದವು. ಕೆಳಗಿದ್ದವರು ಪ್ಯಾರಾಚೂಟ್ ಬಟ್ಟೆ ಹರಡಿದರು, ಕೈ ಬೀಸಿದರು. ಶತ್ರುಗಳೂ ಹಾಗೆ ಸನ್ನೆ ಮಾಡಿ ಮೋಸಗೊಳಿಸಬಹುದೆಂದು ಪೈಲಟ್‌ಗಳಿಗೆ ನೆಲದ ಸನ್ನೆಗಳನ್ನು ಲೆಕ್ಕಿಸಬೇಡಿ ಎಂಬ ಆದೇಶವಿತ್ತು. ಸರಕಿನ ಬಹುಪಾಲು ಜರ್ಮನ್ನರ ಪಾಲಾಯಿತು.

ಆ ದಿನದ ಒಂದು ಡಕೋಟಾ ವಿಮಾನದ ಬಗ್ಗೆ ಹೇಳಲೇಬೇಕು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಡೇವಿಡ್ ಲಾರ್ಡ್. ಅದಕ್ಕೂ ಮೊದಲು ಭಾರತ, ಬರ್ಮಾ ಭಾಗದಲ್ಲಿ ಹಾರಿದ್ದ ಅನುಭವಿ. ಗುರಿ ಇನ್ನು ಮೂರು ನಿಮಿಷ ದೂರವಿರುವಾಗ ಬಲ ಎಂಜಿನ್‌ಗೆ ಬೆಂಕಿ ಹತ್ತಿತ್ತು. ಲಾರ್ಡ್ ಹಿಂತಿರುಗಲಿಲ್ಲ, 900 ಅಡಿಗೆ ಇಳಿದು ಸರಕು ಹಾಕಿಸಿದರು. ಎರಡು ಕಂಟೈನರ್ ಉಳಿದಿವೆ ಎಂದು ಗೊತ್ತಾದಾಗ ಉರಿಯುವ ಎಂಜಿನ್ನಿನೊಂದಿಗೇ ಸುತ್ತು ಹಾಕಿ ಮತ್ತೆ ಅದೇ ಗುಂಡಿನ ಮಳೆಯೊಳಗೆ ಬಂದರು. ಎಲ್ಲ ಸೇರಿ ಎಂಟು ನಿಮಿಷ. ಆಮೇಲೆ ಉಳಿದವರಿಗೆ ಹಾರಿಕೊಳ್ಳಲು ಹೇಳಿ ತಾವು ಚುಕ್ಕಾಣಿ ಹಿಡಿದೇ ಕುಳಿತರು. ಕೆಲವೇ ಕ್ಷಣಗಳಲ್ಲಿ ರೆಕ್ಕೆ ಕಳಚಿತು. ವಿಮಾನದಲ್ಲಿದ್ದ ಎಂಟು ಜನರಲ್ಲಿ ನ್ಯಾವಿಗೇಟರ್ ಒಬ್ಬರೇ ಬದುಕಿದರು. ಲಾರ್ಡ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಸಂದಿತು. ಸತ್ತವರಲ್ಲಿ ನಾಲ್ವರು ವಾಯುಪಡೆಯವರೇ ಅಲ್ಲ, ಭೂಸೇನೆಯ ಸರಬರಾಜು ದಳದವರು. ತೆರೆದ ಬಾಗಿಲ ಬಳಿ ನಿಂತು ಹೆಣೆದ ದೊಡ್ಡ ಬುಟ್ಟಿಗಳನ್ನು ಉರುಳೆಗಳ ಮೇಲೆ ಹೊರಗೆ ತಳ್ಳುವುದು ಅವರ ಕೆಲಸ. ಅವರನ್ನು ನೆನೆಯುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ನಮ್ಮ ನೆಲದಲ್ಲೂ ಇಂಥದ್ದೇ ಒಂದು ನಡೆದಿದೆ. 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಕ್ ಗುಡ್ಡದ ಮೇಲೆ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಜಪಾನೀಯರ ಮುತ್ತಿಗೆಗೆ ಸಿಕ್ಕಿತು. ಜೊತೆಯಲ್ಲಿ ಮರಾಠಾ ಲಘು ಪದಾತಿ ದಳದ ಒಂದು ಬೆಟಾಲಿಯನ್ ಇತ್ತು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ರೆಜಿಮೆಂಟ್ ಅದು. ಅಲ್ಲಿ ಸಂಪರ್ಕಕ್ಕಿಂತ ಜಾಗದ್ದೇ ತೊಂದರೆ. ಬ್ರಿಗೇಡ್ ಹಿಡಿದಿದ್ದ ಗುಡ್ಡದ ನೆತ್ತಿ ಎಷ್ಟು ಇಕ್ಕಟ್ಟಾಗಿತ್ತೆಂದರೆ ಹಾಕಿದ ಸರಕಿನಲ್ಲಿ ಹೆಚ್ಚಿನದು ಇಳಿಜಾರಿನಲ್ಲಿದ್ದ ಜಪಾನೀಯರತ್ತ ಹೋಯಿತು. ನೀರಿಗೂ ತತ್ವಾರ. ಆದರೂ ಕೆಲವು ದಿನ ಅವರು ತಡೆದು ನಿಂತದ್ದರಿಂದ ಇಂಫಾಲ, ಕೊಹಿಮಾಗಳಿಗೆ ಅಣಿಯಾಗಲು ಅಮೂಲ್ಯ ಕಾಲಾವಕಾಶ ಸಿಕ್ಕಿತು.

ಈಗ ಉಪಗ್ರಹದ ನೆರವಿನಿಂದ ತಾನೇ ದಿಕ್ಕು ಹಿಡಿದು ಇಳಿಯುವ ಪ್ಯಾರಾಚೂಟ್‌ಗಳಿವೆ. ಸಾಂಗ್‌ಶಕ್‌ನಂಥ ಇಕ್ಕಟ್ಟಿಗೆ ಅದು ಒಳ್ಳೆಯ ಉತ್ತರ. ಆರ್ನ್‌ಹೆಮ್‌ನಂಥ ಸ್ಥಿತಿಗೆ ಮಾತ್ರ ಅದೊಂದೇ ಸಾಲದು. ಎಲ್ಲಿ ಇಳಿಯಬೇಕೆಂಬ ಸುದ್ದಿ ಕೆಳಗಿನವರಿಂದ ಮೇಲಕ್ಕೆ ಹೋಗಲೇಬೇಕು.