ಕೇಳಿ, ಹೇಳ್ತೀನಿ: ಒಂದೇ ಹಾಡು ಮೂರು ಸಲ!

ಅಮೆರಿಕದ ಬ್ಯಾಡ್ ರಿಲಿಜನ್ ಅನ್ನುವ ಪಂಕ್ ರಾಕ್ ಬ್ಯಾಂಡಿನ ‘80-85’ ಸಂಕಲನದ ಬಗ್ಗೆ ಹೋದ ಸಂಚಿಕೆಯಲ್ಲಿ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬಂದಿವೆ. ಸಿನಿಮಾ ಹಾಡಿನ ಪ್ರಶ್ನೆಗಳು ಮುಂದಿನ ಸಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನೀವು ಬರೆದದ್ದು ನೋಡಿ ‘80-85’ ಕೇಳಿದೆ ಸರ್. ಬ್ಯಾಂಡಿನ ಹೆಸರಿನದೇ ಹಾಡು ಅದರಲ್ಲಿ ಮೂರು ಸಲ ಬರುತ್ತೆ. ಏನೋ ಎಡವಟ್ಟಾಗಿದೆಯಾ? ರೆಕಾರ್ಡಿಂಗೂ ತೀರಾ ಒರಟು. ಇದನ್ನ ಮೆಲೋಡಿಕ್ ಹಾರ್ಡ್‌ಕೋರ್ (ರಾಗ ಬೆರೆತ, ವೇಗದ ಒರಟು ಪಂಕ್) ಅಂತಾರಲ್ಲ, ಮೆಲೊಡಿ ಎಲ್ಲಿದೆ?
– ಪದವಿ ವಿದ್ಯಾರ್ಥಿ, ಸಾಗರ

ಎಡವಟ್ಟಲ್ಲ ಕಣಪ್ಪ, ಬೇಕಂತಲೇ ಹಾಕಿದ್ದಾರೆ. ನಾನು ಕ್ಯಾಸೆಟ್ ಅಂಗಡಿಯಲ್ಲಿ ಕೂರುತ್ತಿದ್ದ ಕಾಲದಲ್ಲಿ ‘ಹಿಟ್ ಹಾಡುಗಳು’ ಅಂತ ಒಂದು ಜಾತಿ ಕ್ಯಾಸೆಟ್ ಇರುತ್ತಿತ್ತು. ಹನ್ನೆರಡು ಒಳ್ಳೇ ಹಾಡು ಆರಿಸಿ, ಮೇಲೊಂದು ಬಣ್ಣದ ಫೋಟೊ. 1991ರಲ್ಲಿ ಬಂದ ‘80-85’ ಆ ಜಾತಿಯದಲ್ಲ. ಇದು ಮನೆ ಖಾಲಿ ಮಾಡುವಾಗ ಅಟ್ಟದಲ್ಲಿದ್ದದ್ದನ್ನೆಲ್ಲ ಕೆಳಗಿಳಿಸಿದ ಹಾಗೆ.

ಲೆಕ್ಕ ನೋಡಿ. 1981ರ ಮೊದಲ ಇಪಿ, ಅಂದರೆ ಆಲ್ಬಂಗಿಂತ ಚಿಕ್ಕ ರೆಕಾರ್ಡು, ಅದರಲ್ಲಿ 6 ಹಾಡು. 1982ರ ಮೊದಲ ಆಲ್ಬಂ ‘ಹೌ ಕುಡ್ ಹೆಲ್ ಬಿ ಎನಿ ವರ್ಸ್?’, ಅದರಲ್ಲಿ 14. ‘ಪಬ್ಲಿಕ್ ಸರ್ವೀಸ್’ ಅನ್ನುವ, ಬೇರೆ ಬ್ಯಾಂಡುಗಳೂ ಇದ್ದ ಸಂಕಲನಕ್ಕೆ ಕೊಟ್ಟ 3. 1985ರ ‘ಬ್ಯಾಕ್ ಟು ದಿ ನೋನ್’ ಇಪಿಯ 5. ಒಟ್ಟು 28. ‘ಬ್ಯಾಡ್ ರಿಲಿಜನ್’ ಹಾಡು ಮೊದಲ ಇಪಿಯಲ್ಲಿದೆ, ‘ಪಬ್ಲಿಕ್ ಸರ್ವೀಸ್’ನಲ್ಲಿದೆ, 1985ರ ಇಪಿಯಲ್ಲೂ ಇದೆ. ಮೂರೂ ಬೇರೆ ಬೇರೆ ರೆಕಾರ್ಡಿಂಗ್.

ಒಂದು ಕೆಲಸ ಮಾಡಿ. ಇಯರ್‌ಫೋನ್ ಹಾಕಿಕೊಂಡು ಮೂರನ್ನೂ ಸಾಲಾಗಿ ಕೇಳಿ. ಒಂದೊಂದೂ ಎರಡು ನಿಮಿಷದ ಆಸುಪಾಸು, ಕಾಫಿ ಆರುವುದರೊಳಗೆ ಮುಗಿಯುತ್ತೆ. ಮೊದಲನೆಯದರಲ್ಲಿ ಹಾಡುವವನು ಗ್ರೆಗ್ ಗ್ರಾಫಿನ್, ಲಾಸ್ ಏಂಜಲಿಸ್‌ನ ಹೈಸ್ಕೂಲ್ ಹುಡುಗ. ಗಿಟಾರ್ ಬ್ರೆಟ್ ಗುರೆವಿಟ್ಸ್, ಬೇಸ್ ಜೇ ಬೆಂಟ್ಲಿ. ಎಲ್ಲರಿಗೂ ಎಲ್ಲಿಗೋ ಓಡುವ ಅವಸರ. 1985ರದಕ್ಕೆ ಬನ್ನಿ. ಗುರೆವಿಟ್ಸ್ ಇಲ್ಲ, ಬೆಂಟ್ಲಿಯೂ ಇಲ್ಲ. ಗಿಟಾರ್ ಹಿಡಿದಿರುವುದು ಸರ್ಕಲ್ ಜರ್ಕ್ಸ್ ಬ್ಯಾಂಡಿನ ಗ್ರೆಗ್ ಹೆಟ್ಸನ್. ಓಟ ಸ್ವಲ್ಪ ನಿಧಾನ, ಒಂದೊಂದು ಮಾತೂ ಬಿಡಿಸಿ ಕೇಳುತ್ತೆ. ಅದೇ ಹುಡುಗನ ಗಂಟಲು ಈಗ ಗಟ್ಟಿಯಾಗಿದೆ. ಆರಿಸಿ ತೆಗೆದ ಹಿಟ್ ಹಾಡುಗಳಲ್ಲಿ ಇದು ಸಿಗೋದಿಲ್ಲ ಅಲ್ವಾ?

ಇನ್ನು ಮೆಲೊಡಿ. ಆಗ ಅಲ್ಲಿನ ಹಾರ್ಡ್‌ಕೋರ್ ಗಾಯಕರು ಹೆಚ್ಚಾಗಿ ಕಿರುಚುತ್ತಿದ್ದರು. ಗ್ರಾಫಿನ್ ಸ್ವರ ಹಿಡಿದು ನಿಲ್ಲಿಸುತ್ತಾನೆ. ಮೆಲೊಡಿ ಅಲ್ಲಿದೆ, ಹಿನ್ನೆಲೆಯಲ್ಲಿ ಅಲ್ಲ. ಎರಡು ಮೂರು ದನಿ ಒಟ್ಟಿಗೆ ‘ಆ’ ಎಂದು ಏಳುವ ಹಾರ್ಮನಿಗೆ ಈ ಬ್ಯಾಂಡ್ ಹೆಸರಾದದ್ದು 1988ರ ‘ಸಫರ್’ ಆಲ್ಬಂನಿಂದ ಈಚೆಗೆ. ಅದನ್ನೇ ಹುಡುಕಿಕೊಂಡು ಬಂದವರಿಗೆ ‘80-85’ ಸಪ್ಪೆ ಅನ್ನಿಸಬಹುದು. ನನಗಂತೂ ಈ ಒರಟೇ ಜಾಸ್ತಿ ಇಷ್ಟ.

‘ಫ್ರಾಗರ್’ ಬಿಟ್ಟುಬಿಡಬೇಡಿ. ರಸ್ತೆ ದಾಟುವ ಕಪ್ಪೆಯ ವಿಡಿಯೊ ಗೇಮ್ ಇತ್ತಲ್ಲ, ಲಾಸ್ ಏಂಜಲಿಸ್ ಟ್ರಾಫಿಕ್ಕಿನಲ್ಲಿ ತನ್ನ ಗತಿಯೂ ಅದೇ ಅನ್ನುವ ಹಾಡು. ಸಿಲ್ಕ್ ಬೋರ್ಡ್ ಕಂಡವರಿಗೆ ಅರ್ಥ ಹೇಳಬೇಕಾಗಿಲ್ಲ.

ಪ್ರಶ್ನೆ: 80ರಿಂದ 85ರವರೆಗೆ ಎಲ್ಲಾ ಇದೆ ಅಂತೀರಿ. 1983ರಲ್ಲಿ ಅವರದ್ದೊಂದು ಪೂರ್ತಿ ಆಲ್ಬಂ ಬಂದಿತ್ತು. ಅದರ ಒಂದು ಹಾಡೂ ಯಾಕಿಲ್ಲ?
– ಬ್ಯಾಂಕ್ ನೌಕರ, ಮೈಸೂರು

ಸರಿಯಾಗಿ ಹಿಡಿದಿರಿ ಸರ್! ಆ ಆಲ್ಬಂ ‘ಇನ್‌ಟು ದಿ ಅನ್‌ನೋನ್’. ಪಂಕ್ ಬ್ಯಾಂಡು ಇದ್ದಕ್ಕಿದ್ದಂತೆ ಕೀಬೋರ್ಡ್ ಮುಂದಿಟ್ಟುಕೊಂಡು, ಉದ್ದುದ್ದ ಹಾಡುಗಳ ಪ್ರೊಗ್ರೆಸಿವ್ ರಾಕ್ ಮಾಡಿತು. ಬೆಂಟ್ಲಿ ಬಿಟ್ಟು ನಡೆದರು, ಬೇಸ್ ಮತ್ತು ಡ್ರಮ್ಸಿಗೆ ಬೇರೆಯವರು ಬಂದರು. ಅಭಿಮಾನಿಗಳು ಮುಖ ತಿರುಗಿಸಿದರು, ಬ್ಯಾಂಡೂ ಚದುರಿಹೋಯಿತು. 1985ರ ಇಪಿ ಹೊತ್ತಿಗೆ ಮತ್ತೆ ಹಳೇ ದಾರಿ.

1991ರಲ್ಲಿ ‘80-85’ ಹೊರತಂದದ್ದು ಎಪಿಟಾಫ್ ಕಂಪನಿ, ಅಂದರೆ ಗುರೆವಿಟ್ಸ್ ಅವರದೇ. ಒಮ್ಮೆ ಹಾಕಿದ ಹಾಡನ್ನೇ ಇನ್ನೆರಡು ಸಲ ಹಾಕಲು ಜಾಗ ಇತ್ತು, ಈ ಆಲ್ಬಂನ ಒಂದು ಹಾಡಿಗೆ ಇರಲಿಲ್ಲ! ಇದೊಂದು ನನಗೆ ಒಪ್ಪಿಗೆ ಇಲ್ಲ. 1982ರ ಆಲ್ಬಂನಲ್ಲೇ ಗ್ರಾಫಿನ್ ಪಿಯಾನೊ ಮುಟ್ಟಿದ್ದಾರೆ. ಕೀಬೋರ್ಡ್ ಹುಚ್ಚು ಆಕಾಶದಿಂದ ಬಿದ್ದದ್ದಲ್ಲ. ಒಂದೇ ಒಂದು ಹಾಡು ಹಾಕಿದ್ದರೂ ಆ ಐದು ವರ್ಷದ ಕಥೆ ಪೂರ್ತಿ ಆಗುತ್ತಿತ್ತು. 2010ರಲ್ಲಿ 30 ವರ್ಷದ ನೆನಪಿಗೆ ಎಲ್ಲಾ ಆಲ್ಬಂಗಳ ಎಲ್‌ಪಿ ಪೆಟ್ಟಿಗೆ ತಂದಾಗ ಕೊನೆಗೂ ಇದನ್ನು ಸೇರಿಸಿದರು. ಕೇಳಿ ನೋಡಿ, ಜನ ಬೈದಷ್ಟು ಕೆಟ್ಟದ್ದೇನಲ್ಲ.

ಪ್ರಶ್ನೆ: ಮಗಳು ಈ ಬ್ಯಾಂಡಿನ ಟೀ ಶರ್ಟ್ ತರಿಸಿದ್ದಾಳೆ. ಶಿಲುಬೆ, ಅದರ ಮೇಲೆ ಕೆಂಪು ವೃತ್ತ, ಅಡ್ಡಗೆರೆ. ನಮ್ಮ ಪಕ್ಕದ ಮನೆಯವರು ಕ್ರೈಸ್ತರು. ಹಾಕ್ಕೊಂಡು ಓಡಾಡೋದು ಸರೀನಾ?
– ಗೃಹಿಣಿ, ಹುಬ್ಬಳ್ಳಿ

ನಿಮ್ಮ ಸಂಕೋಚ ನ್ಯಾಯವಾದದ್ದೇ ಅಮ್ಮ. ಆ ಚಿತ್ರ ಬಿಡಿಸಿದ್ದು ಗುರೆವಿಟ್ಸ್. ಅವರ ಸಿಟ್ಟು ಇದ್ದದ್ದು ತಮ್ಮ ಸುತ್ತ ಟೀವಿಯಲ್ಲಿ ಅರಚುತ್ತಿದ್ದ ಧರ್ಮಬೋಧಕರಂಥವರ ಮೇಲೆ, ಕೇಳದೆ ನಂಬು ಅನ್ನುವ ಧೋರಣೆಯ ಮೇಲೆ. ಹಾಡುವ ಗ್ರಾಫಿನ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದವರು. ಜೀವವಿಕಾಸ ಓದುವ ವಿಜ್ಞಾನಿಗಳು ದೇವರ ಬಗ್ಗೆ ಏನು ನಂಬುತ್ತಾರೆ ಅನ್ನುವುದೇ ಅವರ ಸಂಶೋಧನೆಯ ವಿಷಯ. ಇಷ್ಟೆಲ್ಲ ಇದ್ದರೂ, ಗೇಟಿನ ಆಚೆ ನಿಂತ ಪಕ್ಕದ ಮನೆಯವರಿಗೆ ಕಾಣುವುದು ಅಡ್ಡಗೆರೆ ಎಳೆದ ಶಿಲುಬೆ ಮಾತ್ರ. ಬೈಯದೆ ಇದನ್ನೇ ಮಗಳಿಗೆ ಹೇಳಿ ನೋಡಿ. ಬೆಂಗಳೂರಿನ ಗಿಗ್‌ಗೆ ಹಾಕ್ಕೊಂಡು ಹೋಗಲಿ, ಓಣಿಯೊಳಗೆ ಬೇಡ. ಅವಳು ಒಪ್ಪದಿದ್ದರೆ ಆ ಜಗಳಕ್ಕೆ ನನ್ನನ್ನು ಎಳೆಯಬೇಡಿ!

ಪ್ರಶ್ನೆ: ‘80-85’ ಸಿಡಿ ಕೇಳಿದರೆ ಎಲ್ಲಾ ಕಡೆ ಇಲ್ಲ ಅಂತಾರೆ. ಏನು ಮಾಡಲಿ?
– ಆಟೊ ಚಾಲಕ, ದಾವಣಗೆರೆ

ಆ ಹೆಸರಲ್ಲಿ ಈಗ ಅಚ್ಚಾಗುವುದಿಲ್ಲ. 2004ರಲ್ಲಿ ಅದೇ 28 ಹಾಡುಗಳನ್ನು ‘ಹೌ ಕುಡ್ ಹೆಲ್ ಬಿ ಎನಿ ವರ್ಸ್?’ ಹೆಸರಲ್ಲಿ ಮತ್ತೆ ತಂದರು. ಆ ಹೆಸರು ಹೇಳಿ ಕೇಳಿ. ದುಡ್ಡು ಕೊಡುವ ಮೊದಲು ಹಿಂಬದಿ ತಿರುಗಿಸಿ ಹಾಡು ಎಣಿಸಿಕೊಳ್ಳಿ. 14 ಮಾತ್ರ ಇದ್ದರೆ ಅದು ಬರೀ ಮೊದಲ ಆಲ್ಬಂ.